ನಿಯಾನ್ ಅಂಕಿಗಳಿಗೆ ಹದವಾದ ಕರೆಂಟು

ಗೋಡೆಯ ಪ್ಲಗ್ಗಿನಲ್ಲಿ ವಿದ್ಯುತ್ ಇದೆಯೇ ಎಂದು ನೋಡಲು ಬಳಸುವ ಟೆಸ್ಟರ್ ಬಹುತೇಕ ಎಲ್ಲರ ಮನೆಯಲ್ಲೂ ಇರುತ್ತದೆ. ಅದರ ಹಿಡಿಯೊಳಗೆ ಪುಟ್ಟದೊಂದು ಗಾಜಿನ ಬುರುಡೆ, ಬುರುಡೆಯೊಳಗೆ ಎದುರುಬದುರು ನಿಂತ ಎರಡು ಲೋಹದ ಕಡ್ಡಿಗಳು, ಅವುಗಳ ಸುತ್ತ ಕಡಿಮೆ ಒತ್ತಡದಲ್ಲಿ ತುಂಬಿದ ನಿಯಾನ್ ಅನಿಲ. ಬುರುಡೆಯ ಜೊತೆಗೆ ಹತ್ತು ಲಕ್ಷ ಓಮ್‌ನ ಆಸುಪಾಸಿನ ಒಂದು ರೆಸಿಸ್ಟರ್ ಇರುತ್ತದೆ. ನಮ್ಮ ಕಣ್ಣು ಹೋಗುವುದು ಕೆಂಪು-ಕಿತ್ತಳೆ ಬೆಳಕಿನ ಮೇಲೆ. ಆದರೆ ಬುರುಡೆಯನ್ನೂ ಹಿಡಿದ ಕೈಯನ್ನೂ ಕಾಯುತ್ತಿರುವುದು ಕಾಣದೆ ಕುಳಿತ ಆ ರೆಸಿಸ್ಟರ್. ಹಳೆಯ ನಿಕ್ಸಿ ಟ್ಯೂಬ್‌ಗಳನ್ನು ಹುಡುಕಿ ತಂದು ಗಡಿಯಾರ ಕಟ್ಟುವ ಹವ್ಯಾಸಿಗಳು ಇವತ್ತು ಜಗತ್ತಿನ ಎಲ್ಲೆಡೆ ಇದ್ದಾರೆ. ಅವರು ಬಳಸುವ ಟ್ಯೂಬ್ ಇದೇ ಟೆಸ್ಟರ್ ಬುರುಡೆಯ ಹಿರಿಯಕ್ಕ. ಒಂದೇ ಕ್ಯಾಥೋಡ್ ಇರುವಲ್ಲಿ 0ಯಿಂದ 9ರವರೆಗಿನ ಅಂಕಿಗಳ ಆಕಾರದಲ್ಲಿ ಕತ್ತರಿಸಿದ ಹತ್ತು ಕ್ಯಾಥೋಡ್‌ಗಳು ಒಂದರ ಹಿಂದೊಂದು ನಿಂತಿರುತ್ತವೆ, ಮುಂದೆ ಜಾಲರಿಯಂಥ ಆನೋಡ್ ಇರುತ್ತದೆ. ಈ ಟ್ಯೂಬ್‌ಗಳ ಮಾತು ಬಂದಾಗಲೆಲ್ಲ ಹವ್ಯಾಸಿಗಳು ಮೊದಲು ಕೇಳುವುದು 'ಎಷ್ಟು ವೋಲ್ಟ್ ಬೇಕು?' ಎಂದು. ಕೇಳಬೇಕಾದದ್ದು 'ಎಷ್ಟು ಕರೆಂಟು, ಎಷ್ಟು ಹೊತ್ತು, ಯಾವ ಅಂಕಿಗೆ?' ಎಂದು. ಟ್ಯೂಬಿನ ಆಯಸ್ಸು ತೀರ್ಮಾನವಾಗುವುದು ಅಲ್ಲಿ. ಸರ್ಕ್ಯೂಟನ್ನು ಟ್ಯೂಬಿನ ಅಗತ್ಯಕ್ಕೆ ತಕ್ಕಂತೆ ಕಟ್ಟಬೇಕೇ ಹೊರತು, ನಮ್ಮ ಚಿಪ್ಪಿನ ಅನುಕೂಲಕ್ಕೆ ಟ್ಯೂಬನ್ನು ಬಗ್ಗಿಸಬಾರದು ಎಂಬುದು ನನ್ನ ವಾದ.

ಈ ವಾದಕ್ಕೆ ಇತಿಹಾಸದಲ್ಲೇ ಒಂದು ಕಾರಣವಿದೆ. ಅಮೆರಿಕದ ಬರೋಸ್ ಕಂಪನಿ ಹೇಡು ಬ್ರದರ್ಸ್ ಎಂಬ ಸಣ್ಣ ಟ್ಯೂಬ್ ತಯಾರಿಕಾ ಸಂಸ್ಥೆಯನ್ನು ಕೊಂಡು, 1955ರಲ್ಲಿ ನಿಕ್ಸಿ ಟ್ಯೂಬನ್ನು ಮಾರುಕಟ್ಟೆಗೆ ತಂದಿತು. ಅಲ್ಲಿಂದ ಮುಂದೆ ಸುಮಾರು ಇಪ್ಪತ್ತು ವರ್ಷ ಪ್ರಯೋಗಾಲಯಗಳ ಫ್ರೀಕ್ವೆನ್ಸಿ ಕೌಂಟರ್, ಡಿಜಿಟಲ್ ವೋಲ್ಟ್‌ಮೀಟರ್, ಮೇಜಿನ ಮೇಲಿನ ಕ್ಯಾಲ್ಕುಲೇಟರ್ ಎಲ್ಲದರ ಮುಖವೂ ಇದೇ ಆಗಿತ್ತು. 1961ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ಅನಿಟಾ ಕ್ಯಾಲ್ಕುಲೇಟರ್ ಉತ್ತರ ತೋರಿಸುತ್ತಿದ್ದದ್ದು ಇಂಥ ಟ್ಯೂಬ್‌ಗಳಲ್ಲೇ. ಎಪ್ಪತ್ತರ ದಶಕದಲ್ಲಿ ಎಲ್‌ಇಡಿಗಳೂ ಜಪಾನಿನ ಹಸಿರು-ನೀಲಿ ಫ್ಲೋರೊಸೆಂಟ್ ಡಿಸ್‌ಪ್ಲೇಗಳೂ ಕಡಿಮೆ ವೋಲ್ಟೇಜಿನಲ್ಲಿ ಉರಿಯತೊಡಗಿದಾಗ ನಿಕ್ಸಿಯ ಕಾಲ ಮುಗಿಯಿತು. ಸೋವಿಯತ್ ಒಕ್ಕೂಟದಲ್ಲಿ ಮಾತ್ರ ತಯಾರಿಕೆ ಇನ್ನೂ ಕೆಲಕಾಲ ಮುಂದುವರಿಯಿತು. ಇವತ್ತು ಹವ್ಯಾಸಿಗಳ ಕೈಗೆ ಹೆಚ್ಚಾಗಿ ಸಿಗುವ ಐಎನ್-12, ಐಎನ್-14, ದೊಡ್ಡ ಗಾತ್ರದ ಐಎನ್-18 ಎಲ್ಲವೂ ಅಲ್ಲಿನ ಉಗ್ರಾಣಗಳಲ್ಲಿ ಬಳಕೆಯಾಗದೆ ಉಳಿದ ಸರಕು. ಐಎನ್-12 ಮತ್ತು ಐಎನ್-14ರಲ್ಲಿ 5 ಎಂದರೆ ತಲೆಕೆಳಗು ಮಾಡಿದ 2. ಅಂಕಿಯ ಅಂದ ಬಲ್ಲವರಿಗೆ ಇದು ಸ್ವಲ್ಪ ಕಸಿವಿಸಿ ತರುತ್ತದೆ, ನನಗೂ ಅದು ಒಪ್ಪುವುದಿಲ್ಲ. ಆದರೂ ಒಂದೊಂದು ಟ್ಯೂಬ್ ಒಡೆದಾಗ, ಒಂದೊಂದು ಅಂಕಿ ಕಪ್ಪಾದಾಗ ಆ ರಾಶಿ ಅಷ್ಟಷ್ಟೇ ಕರಗುತ್ತದೆ. ಮತ್ತೆ ತುಂಬುವ ಕಾರ್ಖಾನೆ ಇಲ್ಲ.

ಒಳಗೆ ನಡೆಯುವುದೇನು ಎಂಬುದನ್ನು ತಿಳಿದುಕೊಂಡರೆ ಕರೆಂಟಿನ ಮಾತು ತಾನಾಗಿ ಸ್ಪಷ್ಟವಾಗುತ್ತದೆ. ಈ ಟ್ಯೂಬಿನಲ್ಲಿ ರೇಡಿಯೊ ವಾಲ್ವಿನಂತೆ ಕಾಯುವ ಫಿಲಮೆಂಟ್ ಇಲ್ಲ. ಕ್ಯಾಥೋಡ್ ತಣ್ಣಗೇ ಇರುತ್ತದೆ. ಅನಿಲದಲ್ಲಿ ಅಲೆಯುತ್ತಿರುವ ಒಂದೆರಡು ಬಿಡಿ ಎಲೆಕ್ಟ್ರಾನುಗಳು ವೋಲ್ಟೇಜಿನ ಸೆಳೆತಕ್ಕೆ ಸಿಕ್ಕಿ ವೇಗ ಪಡೆದು ನಿಯಾನ್ ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತವೆ, ಡಿಕ್ಕಿಯಿಂದ ಇನ್ನಷ್ಟು ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ, ಅವು ಮತ್ತಷ್ಟನ್ನು ಬಿಡಿಸುತ್ತವೆ. ನಿಯಾನ್ ಪರಮಾಣುವಿನಿಂದ ನೇರವಾಗಿ ಎಲೆಕ್ಟ್ರಾನ್ ಕೀಳಲು 21.6 ಎಲೆಕ್ಟ್ರಾನ್‌ವೋಲ್ಟ್ ಬೇಕು. ಅದಕ್ಕೆ ತುಸು ಆರ್ಗಾನ್ ಬೆರೆಸಿದರೆ ಕೆಲಸ ಹಗುರವಾಗುತ್ತದೆ. ಡಿಕ್ಕಿ ತಿಂದು 16.6 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಹೊತ್ತು ನಿಂತ ನಿಯಾನ್ ಪರಮಾಣುವೊಂದು, 15.8 ಎಲೆಕ್ಟ್ರಾನ್‌ವೋಲ್ಟ್‌ಗೇ ಒಡೆಯುವ ಆರ್ಗಾನ್ ಪರಮಾಣುವಿಗೆ ಆ ಶಕ್ತಿಯನ್ನು ದಾಟಿಸಿ ಅದನ್ನು ಅಯಾನಾಗಿಸುತ್ತದೆ. ಇದನ್ನು ಬಿಡಿಸಿ ಹೇಳಿದವರು ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದ ಫ್ರಾನ್ಸ್ ಪೆನ್ನಿಂಗ್. ಹೀಗೆ ಸುಮಾರು 170 ವೋಲ್ಟಿಗೆ ಟ್ಯೂಬ್ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡ ಮೇಲೆ ಅದರ ತುದಿಗಳ ನಡುವೆ ಉಳಿಯುವುದು ಸುಮಾರು 140 ವೋಲ್ಟ್ ಮಾತ್ರ. ಮುಖ್ಯವಾದ ಸಂಗತಿ ಇಲ್ಲಿದೆ: ಒಮ್ಮೆ ಹೊತ್ತಿದ ಅನಿಲ ತನ್ನ ಕರೆಂಟನ್ನು ತಾನೇ ಮಿತಿಗೊಳಿಸಿಕೊಳ್ಳಲಾರದು. ಕರೆಂಟು ಹೆಚ್ಚಿದಷ್ಟೂ ಅಯಾನುಗಳು ಹೆಚ್ಚುತ್ತವೆ, ಅಯಾನುಗಳು ಹೆಚ್ಚಿದಷ್ಟೂ ಕರೆಂಟಿಗೆ ದಾರಿ ಸಲೀಸಾಗುತ್ತದೆ. ತಡೆಯುವವರಿಲ್ಲದಿದ್ದರೆ ಇದು ಸರಬರಾಜು ಕುಸಿಯುವವರೆಗೆ ಅಥವಾ ಟ್ಯೂಬ್ ಹಾಳಾಗುವವರೆಗೆ ಏರುತ್ತಲೇ ಹೋಗುತ್ತದೆ. ಆದ್ದರಿಂದ ಮಿತಿ ಹೊರಗಿನಿಂದಲೇ ಬರಬೇಕು.

ಲೆಕ್ಕ ಸರಳ. 180 ವೋಲ್ಟ್ ಸರಬರಾಜು, ಟ್ಯೂಬಿನಲ್ಲಿ 140 ವೋಲ್ಟ್, ಬೇಕಾದ ಕರೆಂಟು 2.5 ಮಿಲಿಆಂಪಿಯರ್ ಎಂದಿಟ್ಟುಕೊಳ್ಳಿ. ಉಳಿದ 40 ವೋಲ್ಟನ್ನು ಆನೋಡ್ ರೆಸಿಸ್ಟರ್ ಹೊರಬೇಕು. 16 ಸಾವಿರ ಓಮ್ ಸಾಕು. ಹೆಚ್ಚಿನವರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಒಂದು ಹೆಜ್ಜೆ ಮುಂದೆ ಹೋಗಿ ನೋಡಿ: ಸರಬರಾಜು 10 ವೋಲ್ಟ್ ಏರಿ 190 ಆದರೆ ರೆಸಿಸ್ಟರಿನ ಮೇಲೆ 50 ವೋಲ್ಟ್ ಬೀಳುತ್ತದೆ, ಕರೆಂಟು 3.1 ಮಿಲಿಆಂಪಿಯರ್ ದಾಟುತ್ತದೆ. ವೋಲ್ಟೇಜ್ ಏರಿದ್ದು ಶೇ 6ರಷ್ಟೂ ಅಲ್ಲ, ಕರೆಂಟು ಏರಿದ್ದು ಶೇ 25. ವಯಸ್ಸಾದಂತೆ ಟ್ಯೂಬಿನ 140 ವೋಲ್ಟ್ ಕೂಡ ಅತ್ತಿತ್ತ ಸರಿಯುತ್ತದೆ, ಒಂದು ಟ್ಯೂಬಿಗೂ ಇನ್ನೊಂದಕ್ಕೂ ವ್ಯತ್ಯಾಸವಿರುತ್ತದೆ. ಆ ಏರುಪೇರೆಲ್ಲ ಇದೇ ರೀತಿ ಹಿಗ್ಗಿ ಕರೆಂಟಿನಲ್ಲಿ ಕಾಣಿಸಿಕೊಳ್ಳುತ್ತದೆ. ಇದರ ಬದಲು 300 ವೋಲ್ಟ್ ಸರಬರಾಜು ಕೊಟ್ಟು 64 ಸಾವಿರ ಓಮ್ ಹಾಕಿದರೆ, ಅದೇ 10 ವೋಲ್ಟ್ ಏರಿಕೆಗೆ ಕರೆಂಟು ಶೇ 6ರಷ್ಟು ಮಾತ್ರ ಬದಲಾಗುತ್ತದೆ. ಹಳೆಯ ಉಪಕರಣಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚಿನ ವೋಲ್ಟೇಜ್ ಇಟ್ಟು ದೊಡ್ಡ ರೆಸಿಸ್ಟರ್ ಬಳಸಿದ್ದರೆ ಅದರ ಲಾಭ ಇದು. ಬೆಲೆಯೂ ಇದೆ: ಪ್ರತಿ ಟ್ಯೂಬಿಗೆ 0.4 ವ್ಯಾಟ್ ರೆಸಿಸ್ಟರಿನಲ್ಲೇ ಬಿಸಿಯಾಗಿ ಹೋಗುತ್ತದೆ. ಇವತ್ತು ನಮಗೆ ಇನ್ನೂ ಒಳ್ಳೆಯ ದಾರಿ ಉಂಟು. 300 ವೋಲ್ಟ್ ತಡೆಯುವ ಎಂಪಿಎಸ್‌ಎ42 ಟ್ರಾನ್ಸಿಸ್ಟರ್ ಒಂದನ್ನು ಕ್ಯಾಥೋಡ್ ಕಡೆ ಸ್ಥಿರ ಕರೆಂಟಿನ ಮೂಲವಾಗಿ ಕಟ್ಟಿದರೆ ಸರಬರಾಜು ಕುಣಿದರೂ ಟ್ಯೂಬ್ ಕುಣಿಯುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬಿಡಿಭಾಗಗಳ ಪೇಟೆ ಬಲ್ಲವರಿಗೆ ಇಂಥ ಟ್ರಾನ್ಸಿಸ್ಟರ್ ದೊಡ್ಡ ಖರ್ಚಲ್ಲ.

ಇಷ್ಟು ಸೂಕ್ಷ್ಮ ಯಾಕೆ, ಸ್ವಲ್ಪ ಹೆಚ್ಚು ಹೊಳೆದರೆ ಏನಾಯಿತು ಎಂದು ಕೇಳಬಹುದು. ಕರೆಂಟು ತೀರ ಕಡಿಮೆಯಾದರೆ ಹೊಳಪು ಅಂಕಿಯ ಪೂರ್ತಿ ಮೈ ತುಂಬುವುದಿಲ್ಲ. 8ರ ಒಂದು ಬದಿ ಮಂಕಾಗಿ, ಅದು 3ರಂತೆ ಕಾಣಬಹುದು. ಹೆಚ್ಚಾದರೆ ಹೊಳಪು ಅಂಕಿಯ ಅಂಚು ಮೀರಿ ಒಳಗಿನ ತಂತಿಗಳಿಗೂ ಹಬ್ಬುತ್ತದೆ. ಕಣ್ಣಿಗೆ ಕಾಣುವ ಹಾನಿ ಅಷ್ಟೇ. ಕಾಣದ ಹಾನಿ ಬೇರೆ: ಕ್ಯಾಥೋಡಿಗೆ ಬಂದು ಬಡಿಯುವ ಅಯಾನುಗಳು ಅದರ ಲೋಹವನ್ನು ಕಣಕಣವಾಗಿ ಕಿತ್ತು ಸುತ್ತ ಎರಚುತ್ತವೆ. ಆ ಕಣಗಳು ಗಾಜಿನ ಒಳಮೈಗೆ ಮೆತ್ತಿ ಅದನ್ನು ಕಪ್ಪಾಗಿಸುತ್ತವೆ, ಪಕ್ಕದ ಅಂಕಿಗಳ ಮೇಲೂ ಕೂರುತ್ತವೆ. ಈ ಸವೆತ ಕರೆಂಟಿನ ಜೊತೆ ಒಂದಕ್ಕೊಂದು ಎಂಬಂತೆ ಏರದು, ಅದಕ್ಕಿಂತ ಬಿರುಸಾಗಿ ಏರುತ್ತದೆ. ಮೊದಮೊದಲ ಟ್ಯೂಬ್‌ಗಳು ಸುಮಾರು 5,000 ಗಂಟೆ ಬಾಳುತ್ತಿದ್ದವು. ವರ್ಷಕ್ಕೆ 8,760 ಗಂಟೆ. ಹಗಲುರಾತ್ರಿ ಉರಿಸಿದರೆ ಏಳು ತಿಂಗಳು ತುಂಬುವ ಮೊದಲೇ ಮುಗಿಯುವ ಆಯಸ್ಸು ಅದು. ಆಮೇಲೆ ಅನಿಲಕ್ಕೆ ತುಸು ಪಾದರಸದ ಆವಿ ಬೆರೆಸುವುದನ್ನು ತಯಾರಕರು ಕಂಡುಕೊಂಡರು. ಕೆಲವು ಟ್ಯೂಬ್‌ಗಳ ಕಿತ್ತಳೆ ಬೆಳಕಿನ ಅಂಚಿನಲ್ಲಿ ಕಾಣುವ ತೆಳು ನೀಲಿ ಅದರದ್ದೇ. ಪಾದರಸ ಸವೆತವನ್ನು ಎಷ್ಟು ತಗ್ಗಿಸಿತೆಂದರೆ ಕೊನೆಯ ಪೀಳಿಗೆಯ ಕೆಲವು ಟ್ಯೂಬ್‌ಗಳಿಗೆ 2,00,000 ಗಂಟೆ, ಅಂದರೆ 22 ವರ್ಷಕ್ಕೂ ಮಿಕ್ಕಿದ ಆಯಸ್ಸು ಸಿಕ್ಕಿತು. ಎರಡು ದಶಕಗಳ ಎಂಜಿನಿಯರಿಂಗ್ ಗಳಿಸಿಕೊಟ್ಟ ಈ ಆಯಸ್ಸನ್ನು ಒಂದು ತಪ್ಪು ರೆಸಿಸ್ಟರ್ ಕೆಲವೇ ತಿಂಗಳಲ್ಲಿ ಕರಗಿಸಬಲ್ಲದು.

ಉರಿಯುವ ಅಂಕಿಗೆ ಹೆಚ್ಚು ಕರೆಂಟು ಶತ್ರುವಾದರೆ, ಉರಿಯದ ಅಂಕಿಗೆ ಸುಮ್ಮನಿರುವುದೇ ಶತ್ರು. ಪಕ್ಕದ ಅಂಕಿಯಿಂದ ಎರಚಿದ ಕಣಗಳು ಅದರ ಮೇಲೆ ಪದರಗಟ್ಟುತ್ತವೆ. ಆ ಪದರ ಇರುವಲ್ಲಿ ಹೊಳಪು ಹಿಡಿಯುವುದಿಲ್ಲ. ಹವ್ಯಾಸಿಗಳು ಇದನ್ನು ಕ್ಯಾಥೋಡಿಗೆ ವಿಷ ಏರುವುದು ಎನ್ನುತ್ತಾರೆ. ಇಲ್ಲಿ ಗಡಿಯಾರದ ಸ್ವಭಾವವೇ ಟ್ಯೂಬಿಗೆ ಪ್ರತಿಕೂಲ. 24 ಗಂಟೆಯ ಆರು ಅಂಕಿ ಗಡಿಯಾರದಲ್ಲಿ ಒಟ್ಟು 60 ಕ್ಯಾಥೋಡ್‌ಗಳು. ಗಂಟೆಯ ಹತ್ತರ ಸ್ಥಾನದಲ್ಲಿ 0, 1, 2 ಬಿಟ್ಟು ಬೇರೇನೂ ಬರುವುದಿಲ್ಲ. ನಿಮಿಷ ಮತ್ತು ಸೆಕೆಂಡಿನ ಹತ್ತರ ಸ್ಥಾನಗಳಲ್ಲಿ 5ರ ಮೇಲೆ ಹೋಗುವುದಿಲ್ಲ. ಲೆಕ್ಕ ಹಾಕಿದರೆ 15 ಕ್ಯಾಥೋಡ್‌ಗಳು ಹುಟ್ಟಿದಾಗಿನಿಂದ ಒಮ್ಮೆಯೂ ಉರಿಯದೆ ಕಣ ಮೆತ್ತಿಸಿಕೊಳ್ಳುತ್ತಾ ಕೂರುತ್ತವೆ. ಅವು ಹೇಗೂ ಬೇಕಿಲ್ಲವಲ್ಲ, ಹಾಳಾದರೇನು ಎನ್ನುವವರಿದ್ದಾರೆ. ಈ ಗಡಿಯಾರಕ್ಕೆ ಬೇಕಿಲ್ಲ, ನಿಜ. ಆದರೆ ಐದು ವರ್ಷದ ನಂತರ ಸೆಕೆಂಡಿನ ಟ್ಯೂಬ್ ಕೈಕೊಟ್ಟಾಗ ಗಂಟೆಯ ಟ್ಯೂಬನ್ನು ಅಲ್ಲಿಗೆ ಹಾಕಲು ಹೋದರೆ ಅದರಲ್ಲಿ ಏಳು ಅಂಕಿಗಳು ಸತ್ತಿರುತ್ತವೆ. ಪರಿಹಾರಕ್ಕೆ ಬಿಡಿಭಾಗ ಏನೂ ಬೇಡ, ಪ್ರೋಗ್ರಾಮಿನಲ್ಲಿ ನಾಲ್ಕಾರು ಸಾಲು ಸಾಕು: ಮನೆಯವರೆಲ್ಲ ಮಲಗಿದ ಹೊತ್ತಿನಲ್ಲಿ ಹತ್ತೂ ಅಂಕಿಗಳನ್ನು ಸರದಿಯ ಮೇಲೆ ಸ್ವಲ್ಪ ಹೊತ್ತು ಉರಿಸಬೇಕು, ಎಂದೂ ಬಾರದ ಅಂಕಿಗಳಿಗೆ ಹೆಚ್ಚು ಪಾಲು ಕೊಡಬೇಕು. ಈ ಸಾಲುಗಳಿಲ್ಲದ ನಿಕ್ಸಿ ಗಡಿಯಾರವನ್ನು ಅಪೂರ್ಣ ಎಂದೇ ನಾನು ಎಣಿಸುತ್ತೇನೆ.

ಈಗ ಬಲವಾದ ಆಕ್ಷೇಪಕ್ಕೆ ಬರೋಣ. ಆರು ಟ್ಯೂಬ್‌ಗಳನ್ನೂ ಒಟ್ಟಿಗೆ ಉರಿಸಲು 60 ಸ್ವಿಚ್‌ಗಳು ಬೇಕು. ಮಲ್ಟಿಪ್ಲೆಕ್ಸಿಂಗ್ ಮಾಡಿದರೆ, ಅಂದರೆ ಕಣ್ಣಿಗೆ ತಿಳಿಯದಷ್ಟು ವೇಗದಲ್ಲಿ ಒಂದಾದ ಮೇಲೊಂದನ್ನು ಉರಿಸಿದರೆ, ಕ್ಯಾಥೋಡಿನ ಕಡೆ 10 ಮತ್ತು ಆನೋಡಿನ ಕಡೆ 6, ಒಟ್ಟು 16 ಸಾಕು. ಅರವತ್ತು-ಎಪ್ಪತ್ತರ ದಶಕದ ಕ್ಯಾಲ್ಕುಲೇಟರುಗಳೂ ಹೀಗೆ ಮಾಡುತ್ತಿದ್ದವು, ನಾವು ಮಾಡಿದರೇನು ತಪ್ಪು ಎಂಬುದು ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆರರಲ್ಲಿ ಒಂದು ಪಾಲು ಹೊತ್ತು ಮಾತ್ರ ಉರಿಯುವ ಟ್ಯೂಬ್ ಅಷ್ಟೇ ಬೆಳಕು ಕೊಡಬೇಕಾದರೆ ಉರಿಯುವಾಗಿನ ಕರೆಂಟು ಹೆಚ್ಚುಕಡಿಮೆ ಆರು ಪಟ್ಟಾಗಬೇಕು, 2.5 ಇದ್ದದ್ದು 15 ಮಿಲಿಆಂಪಿಯರ್. ಸವೆತ ಕರೆಂಟಿಗಿಂತ ಬಿರುಸಾಗಿ ಏರುವುದರಿಂದ, ಸರಾಸರಿ ಒಂದೇ ಆದರೂ ಹಾನಿ ಒಂದೇ ಅಲ್ಲ. ಕರೆಂಟು ಏರಿಸದಿದ್ದರೆ ಅಂಕಿ ಮಂಕಾಗುತ್ತದೆ. ಇದಲ್ಲದೆ, ಆರಿದ ಟ್ಯೂಬಿನೊಳಗೆ ಅಯಾನುಗಳು ತಕ್ಷಣ ಮಾಯವಾಗುವುದಿಲ್ಲ. ಮುಂದಿನ ಟ್ಯೂಬಿಗೆ ಹೋಗುವ ಮುನ್ನ ಎಲ್ಲವನ್ನೂ ನೂರಾರು ಮೈಕ್ರೊಸೆಕೆಂಡ್ ಕತ್ತಲಲ್ಲಿಡದಿದ್ದರೆ ಹಿಂದಿನ ಅಂಕಿಯ ನೆರಳು ಮುಂದಿನದರಲ್ಲಿ ಇಣುಕುತ್ತದೆ. ಕತ್ತಲ ಹೊತ್ತು ಹೆಚ್ಚಿದಷ್ಟೂ ಉರಿಯುವ ಪಾಲು ಇನ್ನೂ ಕಿರಿದಾಗುತ್ತದೆ. ಹಳೆಯ ಕ್ಯಾಲ್ಕುಲೇಟರಿನ ಉದಾಹರಣೆ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಆಗ ಒಂದೊಂದು ಹೈವೋಲ್ಟೇಜ್ ಟ್ರಾನ್ಸಿಸ್ಟರೂ ದುಬಾರಿ, ಟ್ಯೂಬ್ ಬೇಕೆಂದಾಗ ಸಿಗುವ ಸರಕು. ಕಚೇರಿ ಮುಚ್ಚಿದ ಮೇಲೆ ಯಂತ್ರ ಆರುತ್ತಿತ್ತು. ಇಂದು ಎಲ್ಲವೂ ತಿರುಗುಮುರುಗು. ಸ್ವಿಚ್ ಅಗ್ಗ, ಟ್ಯೂಬ್ ಅಪರೂಪ, ಗಡಿಯಾರಕ್ಕೆ ರಜೆಯಿಲ್ಲ. ಎಚ್‌ವಿ5622 ಎಂಬ ಚಿಪ್ಪೊಂದರಲ್ಲೇ 220 ವೋಲ್ಟ್ ತಡೆಯುವ 32 ಸ್ವಿಚ್‌ಗಳಿವೆ; ಎರಡನ್ನು ಜೋಡಿಸಿದರೆ 64. ಮೈಕ್ರೊಕಂಟ್ರೋಲರಿನಿಂದ ನಾಲ್ಕಾರು ತಂತಿಗಳಲ್ಲಿ ಇಡೀ ಗಡಿಯಾರ ನಡೆಯುತ್ತದೆ. ಆ ಚಿಪ್ಪಿಗೆ 12 ವೋಲ್ಟಿನ ಸಂಕೇತ ಬೇಕು ಎಂಬ ಸಣ್ಣ ತೊಡಕನ್ನು ಬಿಟ್ಟರೆ, ಹೊಸದಾಗಿ ಕಟ್ಟುವವರು ಮಲ್ಟಿಪ್ಲೆಕ್ಸಿಂಗ್‌ಗೆ ಹೋಗಲು ಈಗ ಕಾರಣ ಉಳಿದಿಲ್ಲ.

ಹಳೆಯ ದಾರಿಯಲ್ಲೇ ಹೋಗಬೇಕೆನ್ನುವವರಿಗೆ 74141 ಚಿಪ್ ಅಥವಾ ಅದರ ಸೋವಿಯತ್ ರೂಪ ಕೆ155ಐಡಿ1 ಇದೆ. ಇದರ ಜಾಣ್ಮೆಯನ್ನು ಮೆಚ್ಚಲೇಬೇಕು. ಇದರ ಸ್ವಿಚ್‌ಗಳು ತಡೆಯುವುದು ಸುಮಾರು 60 ವೋಲ್ಟ್ ಮಾತ್ರ, ಆದರೂ 170 ವೋಲ್ಟ್ ಟ್ಯೂಬನ್ನು ನಡೆಸುತ್ತದೆ. ಒಂದು ಅಂಕಿ ಉರಿಯುವಾಗ ಆನೋಡ್ 140 ವೋಲ್ಟಿಗೆ ಇಳಿದಿರುತ್ತದೆ, ಆರಿದ ಅಂಕಿಗಳು 60 ವೋಲ್ಟಿನಲ್ಲಿ ನಿಂತಿರುತ್ತವೆ. ನಡುವಿನ ಅಂತರ 80 ವೋಲ್ಟ್, ಅದಕ್ಕೆ ಅನಿಲ ಹೊತ್ತಿಕೊಳ್ಳುವುದಿಲ್ಲ. ಹೊತ್ತಿಕೊಳ್ಳುವ ವೋಲ್ಟೇಜಿಗೂ ಉರಿಯುವ ವೋಲ್ಟೇಜಿಗೂ ಇರುವ ಅಂತರವನ್ನೇ ಬಳಸಿಕೊಂಡ ವಿನ್ಯಾಸ ಇದು. ಟ್ಯೂಬಿನ ಗುಣ ಅರಿತು ಸರ್ಕ್ಯೂಟ್ ಕಟ್ಟುವುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

ವೋಲ್ಟೇಜಿನ ಮಾತು ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಅದರ ಜಾಗ ಸುರಕ್ಷತೆಯಲ್ಲಿದೆ. ಆರು ಟ್ಯೂಬ್‌ಗಳಿಗೆ 180 ವೋಲ್ಟಿನಲ್ಲಿ ಬೇಕಾಗುವ ಶಕ್ತಿ 2.7 ವ್ಯಾಟ್ ಅಷ್ಟೇ. 12 ವೋಲ್ಟಿನ ಸಾಮಾನ್ಯ ಅಡಾಪ್ಟರ್, ಒಂದು ಕಾಯಿಲ್, 400 ವೋಲ್ಟಿನ ಒಂದು ಮಾಸ್‌ಫೆಟ್, ವೇಗದ ಒಂದು ಡಯೋಡ್, ನಡೆಸಲು ಒಂದು ಚಿಪ್ ಇದ್ದರೆ ಸಾಕು. ದಕ್ಷತೆ ಶೇ 80 ಎಂದುಕೊಂಡರೂ ಅಡಾಪ್ಟರಿನಿಂದ 0.3 ಆಂಪಿಯರ್ ಒಳಗೇ ಕೆಲಸ ಮುಗಿಯುತ್ತದೆ. ಮನೆಯ 230 ವೋಲ್ಟನ್ನೇ ನಾಲ್ಕು ಡಯೋಡಿನಲ್ಲಿ ನೇರ ಮಾಡಿ ಟ್ಯೂಬಿಗೆ ಕೊಟ್ಟರೆ ಇಷ್ಟೂ ಉಳಿಯುತ್ತದಲ್ಲ ಎಂಬ ಯೋಚನೆ ಕೆಲವರಿಗೆ ಬರುತ್ತದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಹಾಗೆ ಮಾಡಿದಾಗ ಕೆಪಾಸಿಟರಿನಲ್ಲಿ 325 ವೋಲ್ಟ್ ನಿಲ್ಲುತ್ತದೆ, ಸರ್ಕ್ಯೂಟಿನ ಪ್ರತಿಯೊಂದು ತಂತಿಯೂ ಬೀದಿಯ ವಿದ್ಯುತ್ ಜಾಲಕ್ಕೆ ನೇರ ಅಂಟಿಕೊಂಡಿರುತ್ತದೆ. ಸಮಯ ಸರಿಪಡಿಸಲು ಒತ್ತುವ ಗುಂಡಿಯೂ, ಪ್ರೋಗ್ರಾಂ ತುಂಬಲು ಸಿಕ್ಕಿಸುವ ಯುಎಸ್‌ಬಿ ಕೇಬಲ್ಲೂ, ಅದರಾಚೆಯ ಲ್ಯಾಪ್‌ಟಾಪೂ ಹಾಗೆಯೇ. ಅದು ಪ್ರಾಣಕ್ಕೆ ಎರವಾಗುವ ಸಂಗತಿ. ಅಡಾಪ್ಟರಿನಿಂದ ಬಂದ 180 ವೋಲ್ಟ್ ಕೂಡ ಕಡೆಗಣಿಸುವಂಥದ್ದಲ್ಲ: ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದರ ಅಡ್ಡಕ್ಕೆ 470 ಕಿಲೊಓಮ್ ರೆಸಿಸ್ಟರ್ ಒಂದನ್ನು ಕಾಯಂ ಆಗಿ ಬೆಸೆದರೆ 4.7 ಮೈಕ್ರೊಫ್ಯಾರಡ್ ಕೆಪಾಸಿಟರ್ ಹತ್ತು-ಹನ್ನೆರಡು ಸೆಕೆಂಡಿನಲ್ಲಿ ಖಾಲಿಯಾಗುತ್ತದೆ. ಆ ಹೊತ್ತು ಕಾಯದೆ ಬೋರ್ಡಿಗೆ ಕೈ ಹಾಕಬಾರದು. ಒಡೆದ ಟ್ಯೂಬಿನಲ್ಲಿ ಪಾದರಸ ಇರಬಹುದಾದ್ದರಿಂದ ಕಿಟಕಿ ತೆರೆದು ಎಚ್ಚರದಿಂದ ಎತ್ತಿ, ಇ-ತ್ಯಾಜ್ಯಕ್ಕೆ ಕೊಡಬೇಕು.

ಇಷ್ಟೆಲ್ಲ ಕಷ್ಟ ಯಾಕೆ, ಅಕ್ರಿಲಿಕ್ ಹಾಳೆಯಲ್ಲಿ ಅಂಕಿ ಕೊರೆದು ಕೆಳಗಿನಿಂದ ಎಲ್‌ಇಡಿ ಬೆಳಕು ಹಾಯಿಸಿದರೆ ಹಾಗೆಯೇ ಕಾಣುತ್ತದಲ್ಲ ಎಂಬ ಮಾತೂ ಉಂಟು. ಗೋಡೆಯ ಅಂದಕ್ಕೆ ಅದು ಸಾಕು, ಮಕ್ಕಳಿರುವ ಮನೆಗೆ ಒಳ್ಳೆಯದೂ ಹೌದು. ಆದರೆ ಅನಿಲ ವಿದ್ಯುತ್ತನ್ನು ಹೇಗೆ ಹಾಯಿಸುತ್ತದೆ ಎಂಬ, ಕಾಲೇಜಿನಲ್ಲಿ ಪುಸ್ತಕದ ಚಿತ್ರವಾಗಿ ಬಂದುಹೋಗುವ ಪಾಠವನ್ನು ಮೇಜಿನ ಮೇಲೆ ಕಣ್ಣಾರೆ ತೋರಿಸುವುದು ಈ ಟ್ಯೂಬ್ ಮಾತ್ರ. ಇನ್ನು ಕೆಲವರು, ಟ್ಯೂಬ್ ಮುಗಿದರೇನು, ಹೊಸದನ್ನು ಮಾಡುವವರಿದ್ದಾರಲ್ಲ ಎನ್ನುತ್ತಾರೆ. ಇದ್ದಾರೆ, ನಿಜ. ಜೆಕ್ ಗಣರಾಜ್ಯದ ದಾಲಿಬೋರ್ ಫಾರ್ನಿ ಮರೆತುಹೋಗಿದ್ದ ಈ ವಿದ್ಯೆಯನ್ನು ತಾವೇ ಕಲಿತು, ಪೂರ್ವ ಜರ್ಮನಿಯ ಝಡ್568ಎಂ ಮಾದರಿಯನ್ನು ಆಧರಿಸಿದ ದೊಡ್ಡ ಟ್ಯೂಬ್‌ಗಳನ್ನು ತಯಾರಿಸುತ್ತಿದ್ದಾರೆ. ಅವರ ಸಾಧನೆ ದೊಡ್ಡದು. ಗಾಜು ಊದಿ, ಒಳಗಿನ ಗಾಳಿಯನ್ನು ಪೂರ್ತಿ ಹೊರತೆಗೆದು, ಅನಿಲ ತುಂಬಿ, ಮುಚ್ಚುವ ಈ ಕೈಕೆಲಸ ಎಷ್ಟು ನಿಧಾನ, ಎಷ್ಟು ದುಬಾರಿ ಎಂಬುದನ್ನು ನೋಡಿದರೆ, ಇರುವ ಹಳೆಯ ಟ್ಯೂಬನ್ನು ಜೋಪಾನ ಮಾಡಬೇಕೆಂಬ ವಾದ ಇನ್ನಷ್ಟು ಗಟ್ಟಿಯಾಗುತ್ತದೆ.

ನಿಕ್ಸಿ ಕಟ್ಟಲು ಹೊರಟವರಲ್ಲಿ ಕೆಲವು ಕೋರಿಕೆಗಳಿವೆ. ಇನ್ನೂ ನಡೆಯುತ್ತಿರುವ ಹಳೆಯ ಕೌಂಟರನ್ನೋ ವೋಲ್ಟ್‌ಮೀಟರನ್ನೋ ಟ್ಯೂಬಿನ ಆಸೆಗೆ ಬಿಚ್ಚಬೇಡಿ. ಅದು ಟ್ಯೂಬ್‌ಗಳು ತಮ್ಮ ಕೆಲಸ ಮಾಡುತ್ತಿರುವ ಕೊನೆಯ ಜಾಗ. ಕೋಣೆಯಲ್ಲಿ ಯಾರೂ ಇಲ್ಲದಾಗ ಗಡಿಯಾರ ತಾನೇ ಆರುವಂತೆ ಚಲನೆ ಗುರುತಿಸುವ ಸೆನ್ಸರ್ ಒಂದನ್ನು ಜೋಡಿಸಿ. ದಿನಕ್ಕೆ ಆರು ಗಂಟೆ ಮಾತ್ರ ಉರಿದರೆ ವರ್ಷಕ್ಕೆ ಖರ್ಚಾಗುವುದು 2,190 ಗಂಟೆ, 8,760 ಅಲ್ಲ. ಕಟ್ಟಿ ಮುಗಿದ ದಿನ, ಆ ವೋಲ್ಟೇಜಿಗೆ ತಕ್ಕ ಮಲ್ಟಿಮೀಟರ್ ಹಿಡಿದು, ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಪ್ರತಿ ಆನೋಡ್ ರೆಸಿಸ್ಟರಿನ ಎರಡು ತುದಿಗಳ ನಡುವಿನ ವೋಲ್ಟೇಜ್ ಅಳೆಯಿರಿ. 16 ಕಿಲೊಓಮ್ ರೆಸಿಸ್ಟರಿನ ಮೇಲೆ 40 ವೋಲ್ಟ್ ಕಂಡರೆ ನಿಮ್ಮ ಟ್ಯೂಬಿನಲ್ಲಿ 2.5 ಮಿಲಿಆಂಪಿಯರ್ ಹರಿಯುತ್ತಿದೆ. 50 ಕಂಡರೆ ಅಂದೇ ರೆಸಿಸ್ಟರ್ ಬದಲಿಸಿ, ನಾಳೆಗೆ ಬಿಡಬೇಡಿ.